ಗಡಿ ದಾಟುವಾಗ ನಾಲಿಗೆ ಕಳಚಿಡುವ ಕನ್ನಡ ಸಿನಿಮಾ

‘ಕನ್ನಡಿಗರೇ ಕನ್ನಡ ಸಿನಿಮಾ ನೋಡುವುದಿಲ್ಲ’ ಎಂಬ ಗಾಂಧಿನಗರದ ಗೋಳು ಇನ್ನು ಸಾಕು. ಯಾವ ಕನ್ನಡಿಗರ ಮೇಲೆ ಈ ದೂರು? ಗಡಿಯಾಚೆ, ತೆಲಂಗಾಣದ ಗದ್ವಾಲ ಜಿಲ್ಲೆಯ ಮಾನೋಪಾಡಿನಲ್ಲಿ ಕೂತು ಒಂದು ತಿಂಗಳು ಕನ್ನಡ ಸಿನಿಮಾಗಳನ್ನೇ ನೋಡುತ್ತೇನೆಂದು ಹಟ ಹಿಡಿದವನು ನಾನು. ನಮಗೆ ಕನ್ನಡ ಸಿನಿಮಾ ಬೇಡವಾಗಿಲ್ಲ. ಆ ಉದ್ಯಮಕ್ಕೇ ನಾವು ಬೇಡವಾಗಿದ್ದೇವೆ.

2025ರ ಅಕ್ಟೋಬರ್ 2ರಂದು, ದಸರೆಯ ದಿನವೇ ‘ಕಾಂತಾರ: ಚಾಪ್ಟರ್ 1’ ಬಂತು. ಗದ್ವಾಲದಲ್ಲಿ ನನಗೆ ಸಿಕ್ಕಿದ್ದು ತೆಲುಗಿನದು. ಮೊದಲರ್ಧದ ಹಾಸ್ಯ ಎಳೆದಾಟವೇ ಸರಿ, ಆದರೆ ರಥದ ದೃಶ್ಯದಿಂದ ಮುಂದೆ ರಿಷಬ್ ಶೆಟ್ಟಿ ಕುರ್ಚಿ ಬಿಟ್ಟು ಏಳಗೊಡುವುದಿಲ್ಲ. ಕರಾವಳಿಯ ದೈವ, ಕರಾವಳಿಯ ಕಾಡು, ನಟರಲ್ಲಿ ಎಷ್ಟೋ ಮಂದಿ ಅಲ್ಲಿನವರೇ. ಬಾಯಿ ತೆರೆದರೆ ಮಾತ್ರ ತೆಲುಗು. ಮನೆಯಲ್ಲಿ ಕನ್ನಡ ಆಡುವವರು ದುಡ್ಡು ಕೊಟ್ಟು ಒಳಗೆ ಹೋಗಿ, ಕನ್ನಡದ ಕಥೆಯನ್ನು ಕನ್ನಡವಿಲ್ಲದೆ ನೋಡಿ ಬರಬೇಕು. ಇದಕ್ಕೆ ಪ್ಯಾನ್ ಇಂಡಿಯಾ ಎಂದು ಹೆಸರು.

ಅದೇ ತಿಂಗಳು ‘ಸು ಫ್ರಂ ಸೋ’ವನ್ನು ಫೋನಿನಲ್ಲಿ, ಕನ್ನಡದಲ್ಲೇ ನೋಡಿದೆ. ಜೆ.ಪಿ. ತುಮಿನಾಡು ಅವರ ಈ ಚಿತ್ರ ನನಗೆ ಕಾಂತಾರಕ್ಕಿಂತ ಹೆಚ್ಚು ಹಿಡಿಸಿತು. ಒಬ್ಬ ಹುಡುಗನ ಮೈಮೇಲೆ ದೆವ್ವ ಬಂದಿದೆ ಎಂದು ಊರಿಗೆ ಊರೇ ನಂಬುವ ಕಥೆ. ನಗು ಹುಟ್ಟುವುದು ದೆವ್ವದಿಂದಲ್ಲ. ಆ ಜನ ಮಾತಾಡುವ ಧಾಟಿಯಿಂದ, ಒಬ್ಬರ ಮಾತಿಗೆ ಇನ್ನೊಬ್ಬರು ಕೊಕ್ಕೆ ಹಾಕುವ ರೀತಿಯಿಂದ. ಜುಲೈ 25ಕ್ಕೆ ಕರ್ನಾಟಕದಲ್ಲಿ ತೆರೆಕಂಡ ಚಿತ್ರ ಆಗಸ್ಟ್ 8ಕ್ಕೆ ತೆಲುಗಾಗಿ ಈ ಕಡೆಗೆ ಬಂತು. ಆ ಧಾಟಿಯನ್ನು ತೆಗೆದ ಮೇಲೆ ಅದರಲ್ಲಿ ಉಳಿಯುವುದೇನು? ಟಾಕೀಸಿನಲ್ಲಿ ನೂರಾರು ಜನರ ನಡುವೆ ನಗಬೇಕಾದ ಸಿನಿಮಾವನ್ನು ಅಂಗೈಯಗಲದ ಪರದೆಯಲ್ಲಿ ಒಬ್ಬನೇ ನೋಡಿದೆ.

ಡಬ್ಬಿಂಗ್ ಬಂದರೆ ಕನ್ನಡ ಸಾಯುತ್ತದೆ ಎಂದು 1960ರ ದಶಕದಿಂದ ಬೀದಿಗಿಳಿದವರು ಇದೇ ಉದ್ಯಮದವರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ತೀರ್ಪು ಕೊಡುವವರೆಗೂ ಆ ಬೇಲಿ ಕದಲಲಿಲ್ಲ. ಬೇರೆಯವರ ಸಿನಿಮಾ ಕನ್ನಡಕ್ಕೆ ಬಂದರೆ ದ್ರೋಹ, ಕನ್ನಡದ ಸಿನಿಮಾವನ್ನು ಕನ್ನಡಿಗರ ಮನೆಬಾಗಿಲಿಗೇ ತೆಲುಗಿನಲ್ಲಿ ತಂದು ಮಾರಿದರೆ ವ್ಯಾಪಾರವೇ? ಈ ಪ್ರಶ್ನೆಗೆ ಯಾವ ನಿರ್ಮಾಪಕರಿಂದಲೂ ನಾನು ಉತ್ತರ ಕೇಳಿಲ್ಲ.

ಖರ್ಚಿನ ಮಾತು ಎತ್ತಬೇಡಿ. ರೀಲಿನ ಡಬ್ಬಿ ಹೊತ್ತು ತಿರುಗುವ ಕಾಲ ಮುಗಿದು ಎಷ್ಟೋ ವರ್ಷವಾಯಿತು. ಈಗ ಕ್ಯೂಬ್, ಯುಎಫ್‌ಓ ಎಂಬ ಡಿಜಿಟಲ್ ವ್ಯವಸ್ಥೆಗಳ ಮೂಲಕ ಚಿತ್ರಮಂದಿರಕ್ಕೆ ಬರುವುದು ಫೈಲು. ಚಿತ್ರ ಅದೇ, ಬದಲಾಗುವುದು ಧ್ವನಿ. ಸಮುದ್ರದಾಚೆಯ ಅಮೆರಿಕಕ್ಕೆ ಕನ್ನಡದಲ್ಲೇ ಕಳಿಸಲು ಆಗುತ್ತದೆ, ರಾಯಚೂರಿನಿಂದ ರೈಲು ಬರುವ ಗದ್ವಾಲಕ್ಕೆ ಆಗುವುದಿಲ್ಲ!

2025ರ ಸೆಪ್ಟೆಂಬರ್ 12ಕ್ಕೆ ಕರ್ನಾಟಕ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿತು, 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಕನ್ನಡ ಪ್ರೇಕ್ಷಕನ ಹೆಸರಿನಲ್ಲಿ ಎಷ್ಟು ಚರ್ಚೆ, ಎಷ್ಟು ಹೇಳಿಕೆ! ಟಿಕೆಟ್ಟೇ ಸಿಗದ ಪ್ರೇಕ್ಷಕನ ಬಗ್ಗೆ ಒಂದು ಮಾತಿಲ್ಲ.

ಈ ಪ್ರೇಕ್ಷಕ ಹೊರಗಿನವನೇನಲ್ಲ. 1956ರ ನವೆಂಬರ್ 1ರ ತನಕ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ಜಿಲ್ಲೆಯನ್ನು ಮೈಸೂರಿಗೆ ಕೊಟ್ಟವರು ಈ ಎರಡನ್ನು ಬಿಟ್ಟರು. ಆಲಂಪುರದ ನವಬ್ರಹ್ಮ ಗುಡಿಗಳು ಬಾದಾಮಿ ಚಾಲುಕ್ಯರ ಕಾಲದವು ಎಂದು ಭಾಷಣದಲ್ಲಿ ಹೆಮ್ಮೆಪಡುವವರಿಗೆ ಆ ಗುಡಿಗಳ ಸುತ್ತ ಬದುಕುವ ಜನ ಕಾಣುವುದಿಲ್ಲ. ಕೃಷ್ಣಾ, ಮಕ್ತಲ್ ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಅಲ್ಲಿ ಓದುವ ಮಗುವಿಗೆ ಪಠ್ಯಪುಸ್ತಕದ ಹೊರಗೆ ಕನ್ನಡ ಕೇಳಿಸುವುದೆಲ್ಲಿ? ಅಂಗಡಿಯ ಬೋರ್ಡಿನಲ್ಲಿಲ್ಲ, ಕಚೇರಿಯಲ್ಲಿಲ್ಲ. ಟಾಕೀಸಿನಲ್ಲಾದರೂ ಕೇಳಿಸಬಹುದಿತ್ತು. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವನ್ನು ಕಟ್ಟಿಕೊಂಡ ಕರ್ನಾಟಕ ಸರ್ಕಾರಕ್ಕೆ ಸಿನಿಮಾ ಕೂಡ ಭಾಷೆಯ ಕೆಲಸ ಮಾಡುತ್ತದೆ ಎಂದು ಯಾಕೆ ಹೊಳೆಯುವುದಿಲ್ಲ?

ತೆಲುಗು ಆಟಗಳನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ; ತೆಲುಗು ನಮ್ಮ ಬೀದಿಯ ಭಾಷೆ, ಅದರ ಮೇಲೆ ಮುನಿಸಿಲ್ಲ. ಗದ್ವಾಲ, ಮಕ್ತಲ್, ನಾರಾಯಣಪೇಟೆಗಳಲ್ಲಿ ಮೊದಲ ವಾರ ದಿನಕ್ಕೆ ಒಂದು ಆಟ, ಮಾರ್ನಿಂಗ್ ಶೋ ಆದರೂ ಸರಿ, ಕನ್ನಡದಲ್ಲಿ ಹಾಕಬೇಕು. ತೆಲಂಗಾಣದ ಹಕ್ಕು ಮಾರುವಾಗಲೇ ವಿತರಕರ ಕರಾರಿನಲ್ಲಿ ಇದನ್ನು ಬರೆಸುವ ಕೆಲಸ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯದು. ಅಷ್ಟು ಮಾಡಿದ ಮೇಲೂ ಕುರ್ಚಿಗಳು ಖಾಲಿ ಉಳಿದರೆ ಆಗ ಬಂದು ನಮ್ಮನ್ನು ಬೈಯಲಿ.