ಮೊದಲು ಪ್ಯಾನೆಲ್ ಬಾಗಿಲು ಮುಚ್ಚಿ, ಆಮೇಲೆ ಎಸಿ ಮಾತು

ಇಂಡಸ್ಟ್ರಿಯಲ್ ವಿಸಿಟ್‌ಗೆ ಹೋದ ಕಡೆ ನಾವೆಲ್ಲ ಈ ದೃಶ್ಯ ನೋಡಿಯೇ ಇರ್ತೀವಿ. ಕಂಟ್ರೋಲ್ ಪ್ಯಾನೆಲ್ ಬಾಗಿಲು ಹಾರುಹೊಡೆದಿದೆ, ಎದುರಿಗೆ ಪೆಡೆಸ್ಟಲ್ ಫ್ಯಾನ್ ಗುಯ್ ಅಂತ ತಿರುಗ್ತಿದೆ. ಕೇಳಿದ್ರೆ, "ಬೇಸಿಗೆ ಅಲ್ವಾ, ಡ್ರೈವ್ ಟ್ರಿಪ್ ಆಗುತ್ತೆ" ಅಂತಾರೆ. ಒಳಗಿರೋದು 415 ವೋಲ್ಟ್, ಪಕ್ಕದಲ್ಲೇ ಜನ ಓಡಾಡ್ತಾರೆ. ಫ್ಯಾನು ಗಾಳಿ ಜೊತೆ ಧೂಳನ್ನೂ ಒಳಗೆ ತಳ್ಳುತ್ತೆ. ಇದನ್ನ ಜುಗಾಡ್ ಅಂತ ಹೊಗಳೋದನ್ನ ನಾವು ನಿಲ್ಲಿಸಬೇಕು.

ಹಾಗಂತ "ಒಂದು ಪ್ಯಾನೆಲ್ ಎಸಿ ಹಾಕಿಬಿಡಿ" ಅನ್ನೋದೂ ಎಂಜಿನಿಯರಿಂಗ್ ಅಲ್ಲ. ಎಷ್ಟು ವ್ಯಾಟಿನದ್ದು?

ಕಲಬುರಗಿಯ ಮೇ ತಿಂಗಳನ್ನೇ ತಗೊಳ್ಳೋಣ. ಹೊರಗೆ 42 ಡಿಗ್ರಿ, ಒಳಗೆ 35 ಇರಬೇಕು. 15 ಕಿಲೋವ್ಯಾಟ್ ಡ್ರೈವ್ ಪೂರ್ತಿ ಲೋಡಿನಲ್ಲಿ ಸುಮಾರು ಶೇ. 3ರಷ್ಟನ್ನು ಬಿಸಿಯಾಗಿ ಚೆಲ್ಲುತ್ತೆ ಅಂದುಕೊಂಡ್ರೆ 450 ವ್ಯಾಟ್. ಗೋಡೆಗೆ ಆನಿಸಿದ 2 ಮೀಟರ್ ಎತ್ತರ, 0.8 ಅಗಲ, 0.6 ಆಳದ ಪ್ಯಾನೆಲ್ಲಿಗೆ ಲೆಕ್ಕಕ್ಕೆ ಸಿಗೋ ಮೇಲ್ಮೈ ಸುಮಾರು 5 ಚದರ ಮೀಟರ್. ಪೇಂಟ್ ಹಾಕಿದ ಉಕ್ಕಿನ ತಗಡು ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ 5.5 ವ್ಯಾಟಿನಷ್ಟು ಬಿಡುತ್ತೆ. ಅಂದ್ರೆ ಹೊರಗಿನಿಂದಲೇ 190 ವ್ಯಾಟ್ ಒಳಗೆ ಬರುತ್ತೆ! ಒಟ್ಟು 640, ಉಳಿದ ಸಾಮಾನಿನ ಬಿಸಿ ಬೇರೆ. ಇನ್ನೊಂದು ಮಾತು: ಕ್ಯಾಟಲಾಗಿನ ದೊಡ್ಡಕ್ಷರದ ವ್ಯಾಟ್ ಸಾಮಾನ್ಯವಾಗಿ ಒಳಗೂ ಹೊರಗೂ 35 ಡಿಗ್ರಿ ಇದ್ದಾಗಿನದು. ಹೊರಗಿನ ಬಿಸಿ ಏರಿದಂತೆ ಅದು ಇಳಿಯುತ್ತೆ. ಗ್ರಾಫ್ ನೋಡದೆ ಆರ್ಡರ್ ಹಾಕಬಾರದು.

ಅದೇ ಹೊರಗೆ 30 ಡಿಗ್ರಿ ಇರೋ ಊರಾದ್ರೆ ತಗಡೇ 135 ವ್ಯಾಟ್ ಹೊರಗೆ ಬಿಡುತ್ತೆ. ಧೂಳಿಲ್ಲದ ಜಾಗವಾದ್ರೆ ಉಳಿದದ್ದಕ್ಕೆ ಫಿಲ್ಟರ್ ಫ್ಯಾನ್ ಸಾಕು, ಎಸಿ ದುಡ್ಡು ದಂಡ. ಆದ್ರೆ ಫ್ಯಾನ್ ಯಾವತ್ತೂ ಒಳಗನ್ನ ಹೊರಗಿಗಿಂತ ತಂಪು ಮಾಡಲ್ಲ. ಇಷ್ಟು ಸಣ್ಣ ವಿಷಯ ವೈವಾದಲ್ಲಿ ಕೇಳಿದ್ರೆ ನಮ್ಮಲ್ಲಿ ಅರ್ಧ ಜನ ತಡವರಿಸ್ತೀವಿ.

ಕೂರಿಸೋ ಕೆಲಸದಲ್ಲಿ ನಮಗೆ ಮುಖ್ಯ ಅನಿಸೋದು ನೀರು. ಮಂಗಳೂರಿನ ಮಳೆಗಾಲದಲ್ಲಿ 30 ಡಿಗ್ರಿ, ಶೇ. 80 ತೇವಾಂಶ ಇದ್ರೆ ಇಬ್ಬನಿ ಬಿಂದು ಸುಮಾರು 26. ಯಾರೋ ಉತ್ಸಾಹದಿಂದ ಥರ್ಮೋಸ್ಟಾಟನ್ನ 22ಕ್ಕೆ ಇಳಿಸಿ, ಕೇಬಲ್ ಒಳಬರೋ ತೂತುಗಳನ್ನ ಮುಚ್ಚದೆ ಬಿಟ್ರೆ ಒಳಗೆಲ್ಲ ಬೆವರು. 35 ಡಿಗ್ರಿ ಸಾಕು ಸ್ವಾಮಿ, ಪಿಎಲ್‌ಸಿಗೆ ಕಂಬಳಿ ಹೊದ್ದು ಮಲಗೋ ಆಸೆ ಇಲ್ಲ. ಗ್ಯಾಸ್ಕೆಟ್ ಸರಿ ಇರಬೇಕು. ಬಾಗಿಲು ತೆರೆದ ಕೂಡ್ಲೇ ಎಸಿ ನಿಲ್ಲೋಕೆ ಡೋರ್ ಸ್ವಿಚ್ ಬೇಕು. ಡ್ರೈನ್ ಪೈಪ್ ಎಲ್ಲೂ ಮೇಲಕ್ಕೆ ಏರದೆ ಇಳಿಜಾರಾಗಿಯೇ ಹೋಗಬೇಕು. ತಂಪು ಗಾಳಿ ಡ್ರೈವ್ ಮೇಲಿಂದ ಬರೋ ಬಿಸಿಗಾಳಿಗೆ ಎದುರಾಗಬಾರದು. ಬಾಗಿಲಿಗೆ ಕಟೌಟ್ ಕೊರೆಯೋವಾಗ ಒಳಗಿನದನ್ನ ಮುಚ್ಚಿ, ಕಬ್ಬಿಣದ ಪುಡಿ ಪಿಸಿಬಿ ಮೇಲೆ ಬಿದ್ರೆ ಬಿಸಿಗಿಂತ ಬೇಗ ಅದೇ ಸುಡುತ್ತೆ.

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಆಯಸ್ಸು 10 ಡಿಗ್ರಿ ಏರಿದ್ರೆ ಹೆಚ್ಚುಕಮ್ಮಿ ಅರ್ಧ ಅಂತ ಇಸಿಯವರು ಓದ್ತಾರೆ. ಶಾಖ ವರ್ಗಾವಣೆಯನ್ನ ಮೆಕ್ಯಾನಿಕಲ್‌ನವರು ಓದ್ತಾರೆ. ಪ್ಯಾನೆಲ್ ಮಾತ್ರ ಇಬ್ಬರ ಮಧ್ಯೆ ಅನಾಥ. ಹೀಟ್ ಟ್ರಾನ್ಸ್‌ಫರ್ ಲ್ಯಾಬಿಗೆ ಒಂದು ಹಳೆಯ ಪ್ಯಾನೆಲ್, ಒಳಗೆ 500 ವ್ಯಾಟಿನ ಹೀಟರ್, ನಾಲ್ಕು ಥರ್ಮೋಕಪಲ್ ತಂದಿಡಿ ಅಂತ ಎರಡೂ ವಿಭಾಗದವರನ್ನ ಕೇಳ್ತಿದ್ದೀವಿ. ಗುಜರಿಯಲ್ಲಿ ಪ್ಯಾನೆಲ್ ಹುಡುಕಿ ತರೋ ಕೆಲಸ ನಮ್ಮದು.