17ರ ತಪ್ಪು, 25ರ ಅರ್ಜಿ

2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಇಬ್ಬರನ್ನು ಬಲಿ ಪಡೆದ ಕಾರು ಅಪಘಾತದ ಆರೋಪಿ ಬಾಲಕನಿಗೆ 300 ಪದಗಳ ಪ್ರಬಂಧ ಬರೆಯಲು ಹೇಳಿದ್ದಕ್ಕೆ ನಾವೆಲ್ಲ ಸಿಟ್ಟಾಗಿದ್ದೆವು. ಅದು ಜಾಮೀನಿನ ಷರತ್ತು, ತೀರ್ಪಲ್ಲ. ತಪ್ಪು ಸಾಬೀತಾದರೆ ಬಾಲ ನ್ಯಾಯ ಮಂಡಳಿಯು ಮಗುವಿನ ಹಿನ್ನೆಲೆಯ ವರದಿ ನೋಡಿ ಬುದ್ಧಿಮಾತು, ಆಪ್ತಸಮಾಲೋಚನೆ, ಸಮುದಾಯ ಸೇವೆ, ದಂಡ ಅಥವಾ ಗರಿಷ್ಠ 3 ವರ್ಷ ವಿಶೇಷ ಗೃಹದಲ್ಲಿರಿಸುವ ಆದೇಶ ನೀಡಬಹುದು. ಘೋರ ಅಪರಾಧದ ಆರೋಪವಿದ್ದರೆ 16 ದಾಟಿದವರನ್ನು ವಯಸ್ಕರಂತೆ ವಿಚಾರಣೆ ನಡೆಸಲೂ ಅವಕಾಶವಿದೆ.

ನನಗೆ ಮುಖ್ಯವೆನಿಸಿದ್ದು 2015ರ ಕಾಯ್ದೆಯ 24ನೇ ಕಲಂ. ಮಂಡಳಿಯಲ್ಲೇ ಇತ್ಯರ್ಥವಾದ ತಪ್ಪು ಮುಂದೆ ಉದ್ಯೋಗಕ್ಕೆ ಅಡ್ಡಿಯಾಗಬಾರದು. ಬಾಲ್ಯದ ಪ್ರಕರಣದಿಂದಾಗಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಕೆಲಸ ತಪ್ಪಿದ್ದ ಅಭ್ಯರ್ಥಿಯ ಪರವಾಗಿ 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಆದರೆ ಅದಕ್ಕಾಗಿ ಆತ ದೆಹಲಿಯವರೆಗೆ ಹೋರಾಡಬೇಕಾಯಿತು. ಈ ಕಲಂ ಅರ್ಜಿ ತುಂಬುವ ನಮಗೂ ಗೊತ್ತಿರಲಿ, ಅದನ್ನು ಪರಿಶೀಲಿಸುವವರಿಗೂ.