ನೀಲಿ ಕಣ್ಣಿಗೆ ಹೊಡೆಯಬೇಡಿ

1987ರಲ್ಲಿ ಬಂದ ನೆಟ್‌ಹ್ಯಾಕ್ ಎಂಬ ಕಂಪ್ಯೂಟರ್ ಆಟದಲ್ಲಿ ಸತ್ತರೆ ಸತ್ತಂತೆಯೇ. ಮತ್ತೆ ಮೊದಲಿನಿಂದ ಶುರು. ಇದು ಅನ್ಯಾಯ ಅಂತ ಹಾಸ್ಟೆಲಿನ ಗೆಳೆಯನೊಬ್ಬ ಉಳಿಸಿಟ್ಟ ಆಟದ ನಕಲು ಮಾಡಿಕೊಂಡು, ಸತ್ತಾಗಲೆಲ್ಲ ಎದ್ದು ಬರುತ್ತಾನೆ. ನಾನೊಪ್ಪೋದಿಲ್ಲ.

ತೇಲುವ ಕಣ್ಣು (ಪರದೆಯ ಮೇಲೆ ಬರೀ ಇಂಗ್ಲಿಷಿನ ನೀಲಿ ‘ಇ’) ತಾನಾಗಿ ಯಾರ ತಂಟೆಗೂ ಬರೋದಲ್ಲ. ನಾನೇ ಹೋಗಿ ಕತ್ತಿ ಬೀಸಿದೆ, ಮರಗಟ್ಟಿ ನಿಂತೆ. ಬಡಕಲು ನರಿಯೊಂದು ಬಂದು ಕಚ್ಚಿ ಕೊಂದಿತು. ತಪ್ಪು ಆಟದ್ದೇನ್ರೀ?

ಈಗ ಮೆಟ್ಟಿಲ ಮೇಲೆ ನಿಂತೇ ಕಾದುತ್ತೇನೆ, ಸೋಲುವಂತಿದ್ದರೆ ಹತ್ತಿ ಓಡುತ್ತೇನೆ. ಪಕ್ಕದಲ್ಲೇ ಇದ್ದ ಪ್ರಾಣಿಯಷ್ಟೇ ಬೆನ್ನುಹತ್ತುತ್ತದೆ. ಜೀವ 1/7ಕ್ಕಿಂತ ಇಳಿದರೆ ದೇವರಿಗೆ ಮೊರೆ. ಮೊದಲ 300 ಸರದಿಯೊಳಗೆ ಬೇಡ. ಒಮ್ಮೆ ಕೂಗಿದ ಮೇಲೆ ಸುಮಾರು 1000 ಸರದಿ ಸುಮ್ಮನಿರಬೇಕು. ಪದೇ ಪದೇ ಕೈಸಾಲ ಕೇಳಿದರೆ ಯಾವ ದೇವರು ಸಹಿಸ್ತಾನೆ?

ಗೆಳೆಯ ಇನ್ನೂ ಆ ಕಣ್ಣಿಗೇ ಹೊಡೆಯುತ್ತಿದ್ದಾನೆ.